ಅಲಗಿನ ಸಲಾಮು

ಪಾತ್ರೆ ತೊಳೆಯುತ್ತಿದ್ದವಳು ಕೈ ನಿಲ್ಲಿಸಿ ತನ್ನ ಬಲಗೈಯ ತೋರುಬೆರಳನ್ನು ನೋಡಿಕೊಂಡಳು. ನೀರಲ್ಲಿ ನೆನೆದು ತುದಿ ಬೆಳ್ಳಗೆ ಸುಕ್ಕುಗಟ್ಟಿತ್ತು. ಕಾರ್ಖಾನೆಯ ಕಂಪ್ಯೂಟರಿನಲ್ಲಿ ‘ಹೌದು’ ಎಂಬ ಗುಂಡಿಯನ್ನು ಒತ್ತಿದ್ದು ಇದೇ ಬೆರಳು. ಒತ್ತುವುದೆಂದರೆ ಬಲ ಹಾಕುವ ಕೆಲಸವೇನಲ್ಲ, ಇರುವೆಯೊಂದನ್ನು ಸಾಯಿಸಲೂ ಅದಕ್ಕಿಂತ ಹೆಚ್ಚು ಬಲ ಬೇಕು. ರಟ್ಟಿನ ಪೆಟ್ಟಿಗೆ ಕಾರ್ಖಾನೆಯ ಕಟಿಂಗ್ ಮಾಸ್ತರರಿಗೆ ಹೋದದ್ದೂ ಬಲಗೈಯ ಬೆರಳುಗಳೇ. ಹೆಬ್ಬೆರಳೊಂದು ಉಳಿದಿದೆಯಂತೆ ಎಂದು ಭಾವ ನಿನ್ನೆ ಊಟಕ್ಕೆ ಕೂತಾಗ ಹೇಳಿದ್ದ. ಹೇಳಿ, ಅನ್ನ ಕಲಸುತ್ತಿದ್ದ ತನ್ನ ಕೈಯನ್ನೇ ಒಂದು ಗಳಿಗೆ ನೋಡಿ, ಅನ್ನ ಮುದ್ದೆಯಾಗಿದೆ ಎಂದು ತಟ್ಟೆಯನ್ನೆತ್ತಿ ಅಕ್ಕನ ಮುಖಕ್ಕೆ ಬೀಸಿದ್ದ. ಅಂಚು ತುಟಿಗೆ ತಗುಲಿತ್ತು. ಕೆಳಗೆ ಬಿದ್ದ ತಟ್ಟೆ ಗಿರಗಿರನೆ ಸುತ್ತಿ, ಸದ್ದು ಸಣ್ಣದಾಗುತ್ತ ಹೋಗಿ ನಿಲ್ಲುವವರೆಗೆ ಮೂವರೂ ಅದನ್ನೇ ನೋಡುತ್ತಿದ್ದರು. ಆಮೇಲೆ ಅಕ್ಕ ಹಿತ್ತಲಿಗೆ ಹೋಗಿ ಮುಖ ತೊಳೆದು ಬಂದು, ನೆಲ ಬಳಿದು, ಬೇರೆ ತಟ್ಟೆ ತಂದಿಟ್ಟು, “ಬಿಸಿ ಇದೆ, ನೋಡ್ಕೊಂಡು ತಿನ್ನಿ” ಎಂದಿದ್ದಳು. ಭಾವ ತಿಂದಿದ್ದ. ಇವಳೂ ತಿಂದಿದ್ದಳು.

ಬೆಳಿಗ್ಗೆ ನಲ್ಲಿಯ ಹತ್ತಿರ ಎದುರುಮನೆಯಾಕೆ ಕೊಡ ಸೊಂಟಕ್ಕಿಟ್ಟುಕೊಂಡು, “ಏನ್ರೀ ಇದು, ತುಟಿ ಟೊಮೇಟೊ ಥರ ಊದ್ಕೊಂಡಿದೆ?” ಎಂದು ಕೇಳಿದ್ದಳು. “ಬಾಗಿಲು ತಗುಲ್ತು ಕಣ್ರೀ” ಎಂದಳು ಅಕ್ಕ. “ಅಲ್ಲ, ಮೊನ್ನೆ ಕಣ್ಣಿಗೆ ತಗುಲಿದ್ದೂ ಬಾಗಿಲೇ, ಇವತ್ತು ತುಟಿಗೂ ಬಾಗಿಲೇ. ನಿಮ್ಮನೆ ಬಾಗಿಲಿಗೇನಾದ್ರೂ ಕೈ ಮೂಡಿದ್ಯಾ, ಒಂದ್ಸಲ ನೋಡಿಸ್ಬಿಡಿ.” ಅಕ್ಕ ನಕ್ಕಳು. ನಕ್ಕಾಗ ತುಟಿ ಬಿರಿದು ಕೆಂಪು ಗೆರೆಯೊಂದು ಮೂಡಿತು. ಇವಳು ಹಿಂದೆ ನಿಂತು ಬಕೆಟ್ಟಿನೊಳಗೆ ಬೀಳುವ ನೀರನ್ನು ನೋಡುತ್ತಿದ್ದಳು. ಯಾರಾದರೂ ತನ್ನನ್ನು ಕೇಳಿದರೆ ಎಂಬ ಹೆದರಿಕೆ. ಇವಳನ್ನು ಯಾರೂ ಏನೂ ಕೇಳುವುದಿಲ್ಲ ಎಂಬುದು ಎಲ್ಲರಿಗಿಂತ ಚೆನ್ನಾಗಿ ಇವಳಿಗೇ ಗೊತ್ತಿದ್ದರೂ.

ಭಾವ ಇವಳನ್ನು ಕರೆಯುವುದು ‘ಇಲಿ’ ಎಂದು. ಅಮ್ಮ ತೀರಿಕೊಂಡ ವರ್ಷ ಶಾಲೆ ಅರ್ಧಕ್ಕೆ ಬಿಟ್ಟು ಅಕ್ಕನ ಮನೆಗೆ ಬಂದವಳನ್ನು ಭಾವ ತನ್ನ ಕಂಪ್ಯೂಟರ್ ರಿಪೇರಿ ಅಂಗಡಿಯ ಮೂಲೆಯಲ್ಲಿ ಕೂರಿಸಿ, ಬಿಚ್ಚಿದ ಪೆಟ್ಟಿಗೆಗಳ ಧೂಳು ಒರೆಸಲು ಒಂದು ಕುಂಚ ಕೊಟ್ಟಿದ್ದ. ಕೂತಲ್ಲಿಂದ ಅವನ ಕೈ ಕಾಣುತ್ತಿತ್ತು, ಪರದೆ ಕಾಣುತ್ತಿತ್ತು. ಹಾಗೆ ನೋಡುತ್ತ ನೋಡುತ್ತ ಕಲಿತಳು. ಕಲಿತದ್ದು ಅವನಿಗೆ ಗೊತ್ತಾದ ದಿನ, “ನೋಡ್ರಪ್ಪ, ಇಲಿ ಬಿಲದಿಂದ ಹೊರಗೆ ಬಂತು” ಎಂದು ಗಿರಾಕಿಗಳ ಮುಂದೆ ಕಿವಿ ಹಿಂಡಿದ್ದ. ಪ್ರೀತಿಯಿಂದಲೇ ಹಿಂಡಿದ್ದು, ಕಿವಿಯ ಹಿಂಬದಿ ಸಂಜೆಯವರೆಗೆ ಉರಿಯುತ್ತಿತ್ತು. ಅಂಗಡಿಯಲ್ಲಿ ಅವನದೊಂದು ಕಟ್ಟುಪಾಡು ಇತ್ತು. ಯಾವ ಕಂಪ್ಯೂಟರ್ ಬರಲಿ, ಅದು ಕುಸಿದು ಬಿದ್ದರೆ ತಾನಾಗಿಯೇ ರೀಸ್ಟಾರ್ಟ್ ಆಗಲಿ ಎಂಬ ಚೌಕದಲ್ಲಿ ಗುರುತು ಹಾಕಿಯೇ ಇರಬೇಕು. “ಯಂತ್ರ ಕೆಟ್ಟಾಗ ಬರೋ ನೀಲಿ ಪರದೆ ಗಿರಾಕಿ ಕಣ್ಣಿಗೆ ಬೀಳಬಾರ್ದು. ಬಿದ್ರೆ ಬಿದ್ದ ತಕ್ಷಣ ಎದ್ಬಿಡ್ಬೇಕು. ಎದ್ದು ನಿಂತೋನನ್ನ ಯಾಕಪ್ಪಾ ಬಿದ್ದೆ ಅಂತ ಯಾರೂ ಕೇಳಲ್ಲ.” ಅವನಿಗೆ ಈ ಮಾತು ತುಂಬಾ ಇಷ್ಟ. ಗಿರಾಕಿಗಳೂ ಖುಷಿಯಾಗಿದ್ದರು. ಅವರ ಯಂತ್ರಗಳು ದಿನಕ್ಕೆಷ್ಟು ಸಲ ಬಿದ್ದು ಎದ್ದವೋ ಅವರಿಗೆ ತಿಳಿಯುತ್ತಲೇ ಇರಲಿಲ್ಲ.

“ಇಲೀ, ಚೀಲ ತಗೋ, ಹೊರಡು” ಎಂದು ಹೊರಗಿನಿಂದ ಸ್ಕೂಟರಿನ ಸದ್ದಿನ ಮೇಲೆ ಭಾವ ಕೂಗಿದ. ಹಿಂದಿನ ಸೀಟಿನಲ್ಲಿ ಕೂತರೆ ಎದುರಿಗೆ ಅವನ ಕುತ್ತಿಗೆ. ಕ್ಷೌರದವನು ನೀಟಾಗಿ ಗೆರೆ ಎಳೆದ ಕೂದಲಂಚು, ಅದರ ಕೆಳಗೆ ಒಂದು ಕರಿ ಮಚ್ಚೆ. ಮಡಿಲಲ್ಲಿದ್ದ ಚೀಲದಲ್ಲಿ ಸ್ಕ್ರೂಡ್ರೈವರುಗಳು ರಸ್ತೆಯ ಪ್ರತಿ ಗುಂಡಿಗೂ ಕಿಣಿಕಿಣಿ ಎನ್ನುತ್ತಿದ್ದವು. ಉದ್ದನೆಯದು ಆ ಮಚ್ಚೆಯ ಮೇಲೆ ಇಟ್ಟರೆ ಎಷ್ಟು ಒಳಗೆ ಹೋಗುತ್ತದೆ ಎಂದು ಅವಳ ಮನಸ್ಸು ಅಳತೆ ಹಾಕಿತು. ಹಾಕಿದ್ದು ತನ್ನ ಮನಸ್ಸಲ್ಲವೇನೋ ಎಂಬಂತೆ ಅವಳು ರಸ್ತೆಯ ಕಡೆ ಮುಖ ತಿರುಗಿಸಿದಳು. ಅಂಗಡಿಗಳ ಶಟರುಗಳು ಮೇಲೇರುತ್ತಿದ್ದವು. “ಕೇಳಿಸ್ಕೋ” ಎಂದ ಭಾವ ತಿರುಗದೆ. “ಮಾಸ್ತರ ಅವನ ಹೆಂಡ್ತಿನ ಕರ್ಕೊಂಡು ಬರ್ತಾನಂತೆ. ಮೆಷಿನ್ನು ತಾನೇ ಶುರುವಾಗಿ ಕೈ ಕತ್ತರಿಸ್ತು ಅಂತಾನೆ. ಯಜಮಾನ್ರು ಹೇಳೋದು, ಅವನೇ ಅಲಗು ಇಳಿಸೋ ಪೆಡಲ್ ತುಳ್ದ ಅಂತ. ಇವತ್ತು ಅವರ ಕಣ್ಮುಂದೇನೇ ಆ ಮೆಷಿನ್ನು ನಡೆಸೋ ಕಂಪ್ಯೂಟರ್ ಬೀಳಿಸಿ ತೋರಿಸ್ಬೇಕು. ಬಿದ್ರೆ ಬಿದ್ದೇ ಇರುತ್ತೆ, ಹೆಣ, ಎದ್ದೇಳಲ್ಲ ಅಂತ ಕಾಣ್ಬೇಕು. ಆ ರೀಸ್ಟಾರ್ಟ್ ಗುರುತು ಇದ್ಯಲ್ಲ, ಹೋದ ತಕ್ಷಣ ತೆಗೆದ್ಬಿಡು. ಯಾರಾದ್ರೂ ಕೇಳಿದ್ರೆ, ಮೊದ್ಲಿಂದ್ಲೂ ಹಾಗೇ ಇತ್ತು. ಗೊತ್ತಾಯ್ತಾ?”

“ಹೂಂ” ಎಂದಳು. ಗಾಳಿಗೆ ಆ ಹೂಂ ಅವನಿಗೆ ಕೇಳಿಸಲಿಲ್ಲ. ಕೇಳಬೇಕಾದ ಅಗತ್ಯವೂ ಅವನಿಗಿರಲಿಲ್ಲ.

ಆ ಗುರುತು ಭಾವನದು. ಆದರೆ ‘ಹೌದು’ ಇವಳದು. ಕಾರ್ಖಾನೆಯ ಕಂಪ್ಯೂಟರಿನ ಮೊದಲನೇ ಡಿಸ್ಕು ತುಂಬಿಹೋಗಿ ಕಟಿಂಗ್ ಪ್ರೋಗ್ರಾಮು ತೆವಳತೊಡಗಿದಾಗ ಭಾವ ಇವಳೊಬ್ಬಳನ್ನೇ ಕಳಿಸಿದ್ದ. ವರ್ಚುವಲ್ ಮೆಮೊರಿ ಎಂದರೆ ಇವಳಿಗೆ ಅಕ್ಕನ ಅಡುಗೆಮನೆಯೇ ನೆನಪಾಗುವುದು. ಕಟ್ಟೆ ಚಿಕ್ಕದು, ಪಾತ್ರೆ ಬಹಳ; ಈಗ ಬೇಡದ್ದನ್ನು ಅಕ್ಕ ಹಿತ್ತಲ ಕಲ್ಲಿನ ಮೇಲಿಟ್ಟು ಬರುತ್ತಾಳೆ, ಬೇಕಾದಾಗ ಓಡಿಹೋಗಿ ತರುತ್ತಾಳೆ. ಕಂಪ್ಯೂಟರ್ ತನ್ನ ನೆನಪಿನಲ್ಲಿ ಹಿಡಿಸದ್ದನ್ನು ಹೀಗೇ ಡಿಸ್ಕಿನಲ್ಲೊಂದು ಕಡೆ ಇಡುತ್ತದೆ; ಆ ಜಾಗಕ್ಕೆ ಪೇಜಿಂಗ್ ಫೈಲ್ ಎನ್ನುತ್ತಾರೆ. “ಅದನ್ನ ಅಲ್ಲಿಂದ ಕಿತ್ತು ಎರಡ್ನೇ ಡಿಸ್ಕಿಗೆ ಹಾಕು, ಚಿಕ್ಕದು ಸಾಕು” ಎಂದು ಭಾವ ಫೋನಿನಲ್ಲಿ ಹೇಳಿದ. ಮೊದಲನೇ ಡಿಸ್ಕಿನ ಮುಂದೆ ಅವಳು ‘ಬೇಡ’ ಎಂಬುದನ್ನು ಆರಿಸಿದಾಗ ಒಂದು ಎಚ್ಚರಿಕೆ ಬಂತು. ಇಲ್ಲಿ ಜಾಗ ಕೊಡದಿದ್ದರೆ, ಮುಂದೆ ಯಂತ್ರ ಕುಸಿದಾಗ ಏನಾಯಿತೆಂದು ಬರೆದಿಡಲು ಆಗದೇ ಹೋಗಬಹುದು, ಮುಂದುವರಿಯಬೇಕೆ? ಅವಳು ಅದನ್ನು ಓದಿದಳು. ಅರ್ಥವೂ ಆಯಿತು. ಸಾಯುವಾಗ ಯಂತ್ರ ತನ್ನ ತಲೆಯಲ್ಲಿದ್ದುದನ್ನೆಲ್ಲ ಸುರಿದು ಹೋಗುವ ಫೈಲಿಗೆ ಡಂಪ್ ಎನ್ನುತ್ತಾರೆ. ಅದನ್ನು ಸುರಿಯಲು ಮೊದಲನೇ ಡಿಸ್ಕಿನಲ್ಲೇ ಜಾಗ ಬೇಕು. ಭಾವನನ್ನು ಕೇಳೋಣವೆಂದು ಫೋನು ಕೈಗೆತ್ತಿಕೊಂಡಳು. ಆ ಕಡೆಯಿಂದ ಬರುವ “ಏನೇ?” ಎಂಬ ದನಿಯನ್ನು ನೆನೆದು ಕೆಳಗಿಟ್ಟಳು. ಪಕ್ಕದಲ್ಲಿ ಮಾಸ್ತರರು ರಟ್ಟಿನ ಅಂಚಿನಿಂದ ಒಂದು ಪುಟ್ಟ ಕುರ್ಚಿ ಮಾಡಿ, “ತಗೋ ಡಾಕ್ಟ್ರಮ್ಮ, ನಮ್ಮ ಪೇಷಂಟು ಹೇಗಿದ್ದಾನೆ?” ಎಂದು ನಗುತ್ತಿದ್ದರು. ಅವಳು ಹೌದನ್ನು ಒತ್ತಿದಳು. ಅವತ್ತಿನಿಂದ ಆ ಯಂತ್ರ ಬಿದ್ದರೆ ಬರೆಯಲು ಜಾಗವಿಲ್ಲ, ಬರೆದು ಮುಗಿಯಲೆಂದು ಕಾಯುವುದೂ ಇಲ್ಲ; ಕಣ್ಣು ಮಿಟುಕಿಸುವುದರೊಳಗೆ ಮತ್ತೆ ಎದ್ದು ನಿಲ್ಲುತ್ತದೆ.

ಕಾರ್ಖಾನೆಯೆಂದರೆ ತಗಡು ಮಾಡಿನ ಒಂದು ಉದ್ದನೆಯ ಕೋಣೆ. ಗೋಂದಿನ ಹುಳಿ ವಾಸನೆ, ಎಲ್ಲೆಲ್ಲೂ ಕಂದು ಧೂಳು. ನಡುವೆ ಕಟಿಂಗ್ ಮೆಷಿನ್ನು. ಎರಡಾಳು ಅಗಲದ ಅಲಗು, ಅದರ ಕೆಳಗೆ ನುಣುಪಾದ ಕಬ್ಬಿಣದ ಹಾಸು. ಅಲಗಿನ ಮುಂದಿರಬೇಕಿದ್ದ ಜಾಲರಿಯನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದರು. ಅದಿದ್ದರೆ ಕೆಲಸ ಓಡುವುದಿಲ್ಲವೆಂದು ಯಜಮಾನರೇ ಬಿಚ್ಚಿಸಿದ್ದು. ಹಾಸನ್ನು ತೊಳೆದಿದ್ದರು. ಆದರೂ ಬೋಲ್ಟುಗಳ ಸುತ್ತ ಒಣಗಿದ ಕಪ್ಪು ಇನ್ನೂ ಇತ್ತು. ಅವಳು ನೋಡಿಬಿಟ್ಟಳು, ನೋಡಬಾರದ್ದನ್ನು ಮೊದಲು ನೋಡುವ ಕಣ್ಣು ಅವಳದು. ಮಾಸ್ತರರು ರಟ್ಟಿನ ಕಟ್ಟಿನ ಮೇಲೆ ಕೂತಿದ್ದರು. ಬಟ್ಟೆ ಸುತ್ತಿದ ಕೈಯನ್ನು ಇನ್ಯಾರದೋ ಕೂಸನ್ನು ಹಿಡಿದ ಹಾಗೆ ಎದೆಗೆ ಒತ್ತಿಕೊಂಡಿದ್ದರು. “ಬಂದ್ಯಾ ಡಾಕ್ಟ್ರಮ್ಮ” ಎಂದರು. ಆ ಮಾತಿನಲ್ಲಿ ಒಂದಿಷ್ಟಾದರೂ ಸಿಟ್ಟಿದ್ದಿದ್ದರೆ ಅವಳಿಗೆ ಉಸಿರಾಡಲು ಬರುತ್ತಿತ್ತು.

“ನೋಡಮ್ಮ” ಎಂದು ಯಜಮಾನರು ಮಾಸ್ತರರ ಹೆಂಡತಿಗೆ ಹೇಳುತ್ತಿದ್ದರು, “ಮೆಷಿನ್ನಿಗೇನು ನಿನ್ನ ಗಂಡನ ಮೇಲೆ ಹಗೆಯಾ? ಬೆಳಿಗ್ಗೆ ಸ್ವಿಚ್ ಹಾಕ್ದಾಗ ಅಲಗು ಒಂದ್ಸಲ ಕೆಳಗಿಳಿದು ಮೇಲೆ ಹೋಗುತ್ತೆ, ತನ್ನ ಜಾಗ ನೋಡ್ಕೊಳ್ಳೋಕೆ. ಅದು ಎಲ್ಲರಿಗೂ ಗೊತ್ತಿರೋದೇ. ನಡುಮಧ್ಯಾಹ್ನ ಅದು ಯಾಕೆ ಇಳಿಯುತ್ತೆ?”

“ಸಲಾಮು” ಎಂದರು ಮಾಸ್ತರರು ಮೆಲ್ಲಗೆ. “ಬೆಳಿಗ್ಗೆ ಅವಳು, ನಮ್ಮ ಮೆಷಿನ್ನು, ಸಲಾಮು ಹೊಡೀತಾಳೆ, ನಾನು ದೂರ ನಿಂತು ವಾಪಸ್ ಹೊಡೀತೀನಿ. ಅವತ್ತು ಕಂಪ್ಯೂಟರ್ ಪರದೆ ಕಪ್ಪಾಯ್ತು. ಸತ್ತಿತು ಅಂತ ಸಿಕ್ಕಿಹಾಕ್ಕೊಂಡಿದ್ದ ಹಾಳೆ ಎಳೆಯೋಕೆ ಕೈ ಹಾಕ್ದೆ. ಕೇಳದೇ ಸಲಾಮು ಹೊಡೆದ್ಲು.”

“ಕಥೆ ಚೆನ್ನಾಗಿದೆ” ಎಂದ ಭಾವ ನಕ್ಕು.

“ಕಥೆ ಕೇಳೋಕೆ ಬಂದಿಲ್ಲ ನಾವು” ಎಂದಳು ಹೆಂಡತಿ. ಗಟ್ಟಿ ಹೆಂಗಸು, ಸೆರಗು ಸೊಂಟಕ್ಕೆ ಬಿಗಿದಿದ್ದಳು. “ಮೂವತ್ತು ವರ್ಷದ ಕೆಲಸಗಾರನ್ನ, ತನ್ನ ಕೈ ತಾನೇ ಕತ್ತರಿಸ್ಕೊಂಡ ಅಂತೀರಲ್ಲ. ಅವನು ಹುಚ್ಚನೋ ನೀವು ಹುಚ್ಚರೋ, ಅದೊಂದು ಇತ್ಯರ್ಥ ಆಗ್ಲಿ.”

ಇವಳು ಕಂಪ್ಯೂಟರಿನ ಮುಂದೆ ಕೂತಳು. ಆ ದಿನದ್ದೆಂದು ಉಳಿದಿದ್ದುದು ಒಂದೇ ಸಾಲು, ಯಂತ್ರ ಸರಿಯಾಗಿ ನಿಲ್ಲದೆ ಮತ್ತೆ ಶುರುವಾಯಿತು ಎಂದು. “ಕರೆಂಟು ಹೋಗಿ ಬಂದ್ರೂ ಹಾಗೇ ಬರೆಯುತ್ತೆ” ಎಂದು ಭಾವ ಯಜಮಾನರಿಗೆ ವಿವರಿಸಿದ. ಡಂಪ್ ಇರಬೇಕಾದ ಕಡೆ ಬರೀ ಖಾಲಿ. ಅವಳು ಹಳೆಯ ಕಸ ತೆಗೆದು ಮೊದಲನೇ ಡಿಸ್ಕಿನಲ್ಲಿ ಜಾಗ ಮಾಡಿದಳು. ಪೇಜಿಂಗ್ ಫೈಲನ್ನು ಅಲ್ಲಿಗೆ ಮರಳಿ ತಂದು, ಇರುವ ನೆನಪು ಪೂರ್ತಿ ಹಿಡಿಸುವಷ್ಟು ದೊಡ್ಡದು ಮಾಡಿದಳು. ಬಿದ್ದರೆ ಪೂರ್ತಿ ಡಂಪ್ ಬರೆಯಲಿ ಎಂದು ಇಟ್ಟಳು. ಕಂಪ್ಯೂಟರನ್ನು ಬೇಕೆಂದೇ ಬೀಳಿಸಲು ಕೀಬೋರ್ಡಿನಲ್ಲೇ ಒಂದು ದಾರಿಯಿದೆ, ಅದನ್ನೂ ತೆರೆದಿಟ್ಟಳು. ಕೊನೆಗೆ ಆ ಗುರುತಿನ ಮುಂದೆ ಬಂದಳು. ತಾನಾಗಿ ರೀಸ್ಟಾರ್ಟ್ ಆಗಲಿ. ಚಿಕ್ಕ ಚೌಕದೊಳಗೆ ಒಂದು ಚಿಕ್ಕ ಗೀಟು. ತೋರುಬೆರಳು ಮೌಸಿನ ಮೇಲೆ ನಿಂತಿತು. ಹಿಂದೆ ಭಾವ ಯಜಮಾನರಿಗೆ ಏನೋ ತಮಾಷೆ ಹೇಳುತ್ತಿದ್ದ, ಯಜಮಾನರು ಕೆಮ್ಮುತ್ತ ನಗುತ್ತಿದ್ದರು. ಅಮ್ಮ ಬದುಕಿದ್ದಾಗ ಒಮ್ಮೆ ಶಾಲೆಯ ಮೇಷ್ಟ್ರು, ಹಲಗೆ ಒರೆಸಿದ್ದು ಯಾರು ಎಂದು ಕೇಳಿದಾಗ, ತಾನು ನೋಡಿದ್ದರೂ ಸುಮ್ಮನಿದ್ದು, ಬೇರೆಯವಳ ಕೈಗೆ ಬಾಸುಂಡೆ ಬರುವುದನ್ನು ನೋಡಿದ್ದಳು. ಆ ಹುಡುಗಿ ಅತ್ತಿರಲಿಲ್ಲ. ಇವಳ ಕಡೆಗೇ ನೋಡುತ್ತ ನಿಂತಿದ್ದಳು. “ಗುರುತು ತೆಗೆದ್ಯಾ?” ಎಂದು ಭಾವ ಕಿವಿಯ ಬಳಿ ಬಗ್ಗಿ ಕೇಳಿದ. ಅವಳು ಹೌದೆಂದು ತಲೆಯಾಡಿಸಿದಳು. ಆಡಿಸಿ, ಗುರುತನ್ನು ಹಾಗೇ ಬಿಟ್ಟು ಪರದೆಯ ಮೇಲಿನ ಆ ಕಿಟಕಿ ಮುಚ್ಚಿದಳು.

ಬದಲಾಯಿಸಿದ್ದೆಲ್ಲ ಹಿಡಿಯಬೇಕಾದರೆ ಒಮ್ಮೆ ನಿಲ್ಲಿಸಿ ಶುರುಮಾಡಬೇಕು. ಶುರುಮಾಡಿದಾಗ ಪರದೆ ಬೆಳಗಿತು, ಪಾಸ್‌ವರ್ಡಿನ ತಂಟೆಯಿಲ್ಲದೆ ಕಟಿಂಗ್ ಪ್ರೋಗ್ರಾಮು ತಾನೇ ತೆರೆದುಕೊಂಡಿತು, ಮತ್ತು ಅಲಗು ಇಳಿಯಿತು. ಧಡ್ ಎಂದು ನೆಲ ನಡುಗಿತು. ನಿಧಾನಕ್ಕೆ ಮೇಲೇರಿತು. ಮಾಸ್ತರರ ಹೆಂಡತಿ ಕಣ್ಣು ಮುಚ್ಚಿಕೊಂಡಳು. ಮಾಸ್ತರರ ಬಟ್ಟೆ ಸುತ್ತಿದ ಕೈ, ತನ್ನಷ್ಟಕ್ಕೆ ತಾನೇ, ಹಣೆಯವರೆಗೆ ಅರ್ಧ ಎದ್ದು ನಿಂತುಬಿಟ್ಟಿತು.

“ಈಗ ಬೀಳಿಸ್ತೀವಿ, ನೋಡಿ. ಇಲೀ, ಬೀಳ್ಸು” ಎಂದ ಭಾವ, ಆಟ ತೋರಿಸುವವನ ಹಾಗೆ. ಅವಳು ಬಲಗಡೆಯ ಕಂಟ್ರೋಲ್ ಕೀಲಿ ಹಿಡಿದು ಸ್ಕ್ರಾಲ್ ಲಾಕನ್ನು ಎರಡು ಸಲ ಒತ್ತಿದಳು. ಪರದೆ ಪೂರ್ತಿ ನೀಲಿಯಾಯಿತು. ಅದರ ಮೇಲೆ ಬಿಳಿ ಅಕ್ಷರ, ಕೆಳಗೆ ಶೇಕಡಾ ಲೆಕ್ಕ ಏರತೊಡಗಿತು. ಯಂತ್ರ ತನ್ನ ತಲೆಯಲ್ಲಿದ್ದುದನ್ನು ಬರೆಯುತ್ತಿತ್ತು. ಹತ್ತು. ಹದಿನೈದು. ಎಲ್ಲರೂ ಪರದೆ ನೋಡುತ್ತಿದ್ದರು. ಆಗ ಭಾವ ಮೆಷಿನ್ನಿನ ಹತ್ತಿರ ಹೋಗಿ, ಪಕ್ಕದಲ್ಲಿದ್ದ ಅಳತೆಪಟ್ಟಿಯಿಂದ ಹಾಸನ್ನು ತಟ್ಟಿ, ಅದನ್ನು ಅಲ್ಲೇ ಬಿಟ್ಟು, ತೋಳು ಮೇಲಕ್ಕೆ ಮಡಿಸಿ, ಬಲಗೈಯನ್ನು ಮಣಿಕಟ್ಟು ದಾಟುವವರೆಗೆ ಅಲಗಿನ ಕೆಳಗೆ ಇಟ್ಟ. “ನೋಡಮ್ಮ. ಕಂಪ್ಯೂಟರ್ ಸತ್ತ ಮೇಲೆ ಇದು ಬರೀ ಕಬ್ಬಿಣ. ಬೇಕಾದ್ರೆ ಇಲ್ಲೇ ತಲೆಯಿಟ್ಟು ನಿದ್ದೆ ಮಾಡಿ ತೋರಿಸ್ಲಾ?” ಯಜಮಾನರು ನಕ್ಕರು.

ಅವಳಿಗೆ ಕಂಡದ್ದು ಕೈ ಮಾತ್ರ. ಬೆರಳುಗಳು ಹಾಸಿನ ಮೇಲೆ ತಾಳ ಹಾಕುತ್ತಿದ್ದವು. ಆ ಕೈಯ ಪ್ರತಿ ಗಂಟೂ ಅವಳಿಗೆ ಗೊತ್ತು. ಕೀಬೋರ್ಡನ್ನು ಗೋಡೆಗೆ ಎಸೆದ ಕೈ. ಅಕ್ಕನ ಜಡೆಯನ್ನು ಹಗ್ಗದ ಹಾಗೆ ಎರಡು ಸುತ್ತು ಸುತ್ತಿಕೊಂಡ ಕೈ. ತನಗೆ ಜ್ವರ ಬಂದಾಗ ಔಷಧಿಯ ಚಮಚ ಹಿಡಿದಿದ್ದೂ ಅದೇ ಕೈ. ನಲವತ್ತು. ಅದು ಅಷ್ಟು ಹಾಯಾಗಿ ಮಲಗಿದ್ದುದು ಅಲಗಿನ ಮೇಲಿನ ಧೈರ್ಯದಿಂದಲ್ಲ, ಇಲಿ ಹೇಳಿದ್ದು ಕೇಳುತ್ತದೆ ಎಂಬ ಧೈರ್ಯದಿಂದ. ಐವತ್ತೈದು. ಹೇಳಬೇಕು ಎಂದುಕೊಂಡಳು. ಧಡ್ ಎಂಬ ಆ ಸದ್ದು ಕಿವಿಯಲ್ಲಿ ಇನ್ನೂ ಇತ್ತು. ಅದರ ಕೆಳಗೆ ಮೂಳೆಯ ಸದ್ದು ಹೇಗೆ ಕೇಳಬಹುದು, ಒಣ ಕಡ್ಡಿಯಂತೋ, ಹಸಿ ಕಬ್ಬಿನಂತೋ. ಆಮೇಲೆ ಅಕ್ಕ ಅವನಿಗೆ ತುತ್ತು ಮಾಡಿ ತಿನ್ನಿಸುತ್ತಾಳೆ. ಅವನು ಬಾಯಿ ತೆರೆಯುತ್ತಾನೆ. ಅನ್ನ ಮುದ್ದೆಯಾಗಿದ್ದರೂ ನುಂಗುತ್ತಾನೆ. ಎಂಬತ್ತು. ಎಂಥ ನೆಮ್ಮದಿ ಅದರಲ್ಲಿ! ಹಸಿದವಳ ಮುಂದೆ ಅನ್ನ ಬಡಿಸಿಟ್ಟ ಹಾಗೆ ಬಾಯಲ್ಲಿ ನೀರೂರಿತು. ನೂರು. ಪರದೆ ಕಪ್ಪಾಯಿತು.

“ಹೋಯ್ತು, ಪ್ರಾಣ ಹೋಯ್ತು” ಎಂದ ಭಾವ. ಕೈಯನ್ನು ಇನ್ನಷ್ಟು ಒಳಗೆ ತೂರಿಸಿದ.

ಮಾಸ್ತರರು ಎದ್ದು ನಿಂತಿದ್ದರು. ಅವರ ಮುಖ ಸುಣ್ಣದ ಹಾಗಿತ್ತು. ಅವರು ಭಾವನ ಕೈಯನ್ನೂ ನೋಡುತ್ತಿರಲಿಲ್ಲ, ಪರದೆಯನ್ನೂ ನೋಡುತ್ತಿರಲಿಲ್ಲ, ಇವಳನ್ನು ನೋಡುತ್ತಿದ್ದರು. ಅವರಿಗೆ ಗೊತ್ತಾಗಿತ್ತು. ಶಾಲೆಯ ಆ ಹುಡುಗಿ ನೋಡಿದ ಹಾಗೆ ನೋಡಿದರು.

“ಭಾವ, ಕೈ ತೆಗೀರಿ” ಎಂದಳು. ದನಿ ಹಲ್ಲಿನಿಂದ ಈಚೆ ಬರಲಿಲ್ಲ. ಕಪ್ಪು ಪರದೆಯ ನಡುವೆ ಬೆಳಕಿನ ಚುಕ್ಕಿಗಳು ಸುತ್ತತೊಡಗಿದವು. “ಭಾವ.” ಅವನು ಯಜಮಾನರ ಕಡೆ ತಿರುಗಿ ಮಾತಾಡುತ್ತಲೇ ಇದ್ದ. ಚುಕ್ಕಿಗಳು ನಿಂತವು. ಪರದೆ ಬೆಳಗಿತು.

“ಕೈ ತೆಗಿಯೋ!”

ಅದು ಅವಳ ದನಿಯೆಂದು ಅವಳಿಗೇ ಗುರುತು ಸಿಗಲಿಲ್ಲ. ತಗಡಿನ ಮಾಡಿಗೆ ಬಡಿದು ವಾಪಸ್ಸು ಬಂತು. ಭಾವನ ಮುಖದಲ್ಲಿ ಮೊದಲು ಅಚ್ಚರಿ, ಆಮೇಲೆ ಅವಳು ಚೆನ್ನಾಗಿ ಬಲ್ಲ ಆ ಬೇರೆ ಬಣ್ಣ. “ಏನಂದೆ? ಯಾರಿಗೇ ಯೋ ಅಂದೆ?” ಎನ್ನುತ್ತ ಅವನು ಹಾಸಿನಿಂದ ಕೈ ಕಿತ್ತು ಒಂದೇ ನೆಗೆತಕ್ಕೆ ಬಂದು ಅವಳ ಕೆನ್ನೆಗೆ ಬಾರಿಸಿದ. ಕುರ್ಚಿ ಸಮೇತ ಉರುಳಿದಳು. ತಲೆ ನೆಲಕ್ಕೆ ತಾಗುವ ಹೊತ್ತಿಗೆ ಅವನ ಬೆನ್ನ ಹಿಂದೆ ಅಲಗು ಇಳಿಯಿತು. ಧಡ್. ನೆಲದ ನಡುಕ ಅವಳ ಹಲ್ಲಿಗೆ ಬಂತು. ಹಾಸಿನ ಮೇಲೆ ಅವನು ಬಿಟ್ಟಿದ್ದ ಅಳತೆಪಟ್ಟಿ ಎರಡು ತುಂಡಾಗಿ, ಒಂದು ತುಂಡು ಹಾರಿ ಯಜಮಾನರ ಕಾಲಬುಡಕ್ಕೆ ಬಿತ್ತು.

ಎತ್ತಿದ ಎರಡನೇ ಏಟು ಭಾವನ ಕೈಯಲ್ಲೇ ಉಳಿದಿತ್ತು. ಅವನು ಹಿಂತಿರುಗಿ ನೋಡಿದ. ಅಲಗು ಮೇಲೇರುತ್ತಿತ್ತು, ಏನೂ ಆಗದ ಹಾಗೆ. ಪರದೆಯಲ್ಲಿ ಕಟಿಂಗ್ ಪ್ರೋಗ್ರಾಮು, ಏನೂ ಆಗದ ಹಾಗೆ. ಅವನು ಬಲಗೈಯನ್ನು ಕಣ್ಣ ಮುಂದೆ ತಂದುಕೊಂಡು ಮುಷ್ಟಿ ಮಾಡಿದ, ಬಿಚ್ಚಿದ. ಆಮೇಲೆ ರಟ್ಟಿನ ಕಟ್ಟಿನ ಮೇಲೆ ಕುಸಿದು ಕೂತು ಕಾಲ ನಡುವೆ ವಾಂತಿ ಮಾಡಿದ.

“ಇವರೂ ಪೆಡಲ್ ತುಳಿದ್ರಾ ಯಜಮಾನ್ರೇ?” ಎಂದು ಮಾಸ್ತರರ ಹೆಂಡತಿ ಕೇಳಿದಳು. ದನಿ ಎತ್ತರಿಸಲಿಲ್ಲ. ಯಜಮಾನರು ಅಳತೆಪಟ್ಟಿಯ ತುಂಡನ್ನು ಹೆಕ್ಕಿ, ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡರು. “ಇದು... ಇದು ಈಗ ಆದದ್ದು. ಅವತ್ತಿಂದು ಬೇರೆ” ಎಂದರು, ಯಾರೂ ಅದನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ಮಾಸ್ತರರು ಗೋಡೆಗೆ ಒರಗಿಸಿದ್ದ ಜಾಲರಿಯ ಹತ್ತಿರ ಹೋಗಿ ಎಡಗೈಯಿಂದ ಅದನ್ನು ಎಳೆಯಲು ನೋಡಿದರು. ಭಾರಕ್ಕೆ ಅದು ಅಲುಗಲಿಲ್ಲ. ಹೆಂಡತಿ ಹೋಗಿ ಇನ್ನೊಂದು ಬದಿ ಹಿಡಿದಳು.

ಇವಳು ಎದ್ದು ಕುರ್ಚಿ ನಿಲ್ಲಿಸಿದಳು. ಒಂದು ಕಿವಿಯೊಳಗೆ ಜೀರುಂಡೆ ಕೂಗುತ್ತಿತ್ತು. ಡಂಪ್ ಇರಬೇಕಾದ ಕಡೆ ಈಗ ಅದಿತ್ತು, ದೊಡ್ಡದು, ಇವತ್ತಿನ ತಾರೀಖಿನದು. “ಅಳಿಸು ಅದನ್ನ” ಎಂದ ಭಾವ, ತಲೆ ಎತ್ತದೆ. ಅವಳು ಪರದೆಯನ್ನು ಹಾಗೇ ಬಿಟ್ಟು ಚೀಲ ತೆಗೆದುಕೊಂಡಳು. “ನೀನು ಗುರುತು ತೆಗೆದಿರ್ಲಿಲ್ಲ.” “ಇಲ್ಲ.” “ನನ್ನ ಕೈ ಹೋಗ್ತಿತ್ತಲ್ಲೇ.” ಅವನ ಕಣ್ಣಲ್ಲಿ ನೀರಿತ್ತು, ವಾಂತಿಯದೋ ಹೆದರಿಕೆಯದೋ.

“ಹೊಡಿಯೋಕೆ ತೆಗೆದಿದ್ದಕ್ಕೆ ಉಳೀತು” ಎಂದಳು.

ಮನೆಯವರೆಗೆ ನಡೆದೇ ಬಂದಳು. ಬಿಸಿಲು ನೆತ್ತಿಗೆ ಬಂದಿತ್ತು. ಹಾದಿಯುದ್ದಕ್ಕೂ ಕೆನ್ನೆಯ ಮೇಲೆ ಆ ಕೈ ಹಾಗೇ ಇತ್ತು, ಒಂದು ಬೆರಳೂ ಕಮ್ಮಿಯಿಲ್ಲದೆ. ಯಂತ್ರ ತನ್ನದನ್ನೆಲ್ಲ ಬರೆದಿಟ್ಟಿದೆ. ಆದರೆ ನಲವತ್ತರಿಂದ ನೂರರವರೆಗೆ ತಾನು ಸುಮ್ಮನೆ ಕೂತದ್ದು, ಬಾಯಲ್ಲಿ ನೀರೂರಿದ್ದು, ಅದನ್ನು ಯಾವ ಡಿಸ್ಕೂ ಬರೆದುಕೊಂಡಿಲ್ಲ. ಮಾಸ್ತರರು ತನ್ನ ಕಡೆ ನೋಡದೇ ಇದ್ದಿದ್ದರೆ? ಅವಳು ನಡಿಗೆಯನ್ನು ಬಿರುಸು ಮಾಡಿದಳು. ಪ್ರಶ್ನೆ ಅಷ್ಟೇ ಬಿರುಸಾಗಿ ಪಕ್ಕದಲ್ಲೇ ಬಂತು.

ಎದುರುಮನೆಯಾಕೆ ಮೆಟ್ಟಿಲ ಮೇಲೆ ಕೂತು ಕಾಳು ಆರಿಸುತ್ತಿದ್ದಳು. ಮೊರ ಬದಿಗಿಟ್ಟು, “ಅಯ್ಯಯ್ಯೋ, ಏನೇ ಇದು ಕೆನ್ನೆ?” ಎಂದಳು. ಸದ್ದು ಕೇಳಿ ಅಕ್ಕ ಒಳಗಿನಿಂದ ಓಡಿಬಂದಳು, ಇವಳನ್ನು ನೋಡಿದಳು, ಒಂದೇ ಉಸಿರಿನಲ್ಲಿ, “ಬಾಗಿಲು ತಗುಲಿರ್ಬೇಕು ಕಣ್ರೀ, ಅಂಗಡಿ ಬಾಗಿಲು ಬಹಳ...” ಎಂದಳು.

“ಬಾಗಿಲಲ್ಲ” ಎಂದಳು ಅವಳು, ಬೀದಿಗೆಲ್ಲ ಕೇಳುವ ಹಾಗೆ. “ಭಾವ ಹೊಡೆದ. ನಿನ್ನೆ ಅಕ್ಕನಿಗೆ ಹೊಡೆದ. ತಟ್ಟೆಯಲ್ಲಿ.”

ಎದುರುಮನೆಯಾಕೆ ಮೆಟ್ಟಿಲಿನಿಂದ ಎದ್ದು ನಿಂತಳು. ಅಕ್ಕ ತುಟಿಯ ಮೇಲೆ ಕೈ ಮುಚ್ಚಿಕೊಂಡಳು. ಆಮೇಲೆ ಎದುರುಮನೆಯಾಕೆಯ ಕಡೆ ಮುಖ ತಿರುಗಿಸಿ, ಕೈ ತೆಗೆದಳು.